ಗೋಡೆಯ ಮೇಲೊಂದು ಕಂದಕ

ನಾನು ಬರೆಯುವುದು ನಂಬರ್ ಪ್ಲೇಟು,
'ಇಲ್ಲಿ ಕರಿಮೆಣಸು ಕೊಳ್ಳಲಾಗುವುದು',
'ನಾಯಿ ಇದೆ ಎಚ್ಚರಿಕೆ',
ಚುನಾವಣೆ ಬಂದರೆ ಕಾಂಪೌಂಡು ತುಂಬ ಗುರುತು.
ಯುದ್ಧ ಬರೆದವನಲ್ಲ.

ಪಾಲಿಬೆಟ್ಟದ ಮಾಜಿ ಸೈನಿಕರ ಸಂಘದವರು
ಹದಿನಾರಡಿ ಗೋಡೆ ತೋರಿಸಿ
ಎಂಟು ಸಾವಿರಕ್ಕೆ ಮಾತಾಡಿದರು:
ಒಂದು ಟ್ಯಾಂಕು, ಹಿಮದ ಶಿಖರ, ಮೇಲೊಂದು ಬಾವುಟ,
ಕೆಳಗೆ ಹೋದವರ ಹೆಸರು, ಹಳದಿಯಲ್ಲಿ.
ಕಾರ್ಯದರ್ಶಿ ಸುಬೇದಾರ್ ಮೊಣ್ಣಪ್ಪ
ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರ ಕೊಟ್ಟು
"ಹೀಗೇ ಬರಬೇಕು ರಜಾಕೆ, ನೀಲಿ ಜಾಸ್ತಿ ಹೊಡಿ" ಎಂದರು.

ಹೆಸರು ಮೊದಲು ಬರೆದೆ.
ಅಕ್ಷರ ನನ್ನ ಕೈಗೆ ಒಗ್ಗಿದ್ದು.
ಏಳನೆಯ ಹೆಸರಿಗೆ ಬರುವಾಗ ಹಿಂದೆ ಯಾರೋ ಕೆಮ್ಮಿದರು.
ಚೋಂದವ್ವ, ಸತ್ತವನ ತಂಗಿ, ಎಪ್ಪತ್ತರ ಮುದುಕಿ.
"ಬೊಳ್ಳಿಯಪ್ಪ ಅಲ್ಲ, ಬೆಳ್ಯಪ್ಪ.
ತಂತಿಯಲ್ಲೂ ಹೀಗೇ ತಪ್ಪಾಗಿ ಬಂದಿತ್ತು.
ಅದಕ್ಕೇ ಅವ್ವ ಎರಡು ದಿನ ನಂಬಲಿಲ್ಲ,
ಅನ್ನಕ್ಕೆ ಅವನ ಪಾಲೂ ಅಕ್ಕಿ ಹಾಕಿದಳು."

ಆಮೇಲೆ ಟ್ಯಾಂಕಿಗೆ ಕುಂಚ ಏಳಲಿಲ್ಲ.

ನಾನು ಕಣ್ಣಾರೆ ಕಂಡ ಭಯ ಒಂದೇ.
ಎಂಟು ವರ್ಷದವನಿದ್ದೆ, ಅಪ್ಪ ತೋಟದಲ್ಲಿ ರೈಟರು.
ಆನೆ ದಾಟದಿರಲೆಂದು ತೋಡಿದ ಕಂದಕಕ್ಕೆ
ಮರಿಯಾನೆಯೊಂದು ಜಾರಿ ಬಿತ್ತು.
ಮೂರು ರಾತ್ರಿ ಲೈನ್ ಮನೆಗಳಲ್ಲಿ ಯಾರೂ ದೀಪ ಆರಿಸಲಿಲ್ಲ.
ತಾಯಿ ದಂಡೆಯ ಮಣ್ಣನ್ನು ಕಾಲಿನಿಂದ ಕೆದರಿ ಕೆದರಿ
ಒಳಗೆ ಹಾಕುತ್ತಲೇ ಇತ್ತು.
ಮರಿಗೆ ಹತ್ತಲು ದಾರಿ ಮಾಡಿದ್ದೋ,
ಮುಚ್ಚಿದ್ದೋ,
ಇವತ್ತಿಗೂ ಗೊತ್ತಿಲ್ಲ.

ಅದನ್ನೇ ಬರೆದೆ.
ಗೋಡೆಯುದ್ದಕ್ಕೂ ಕಂದಕ, ಈಗಷ್ಟೇ ಕಡಿದ ಕೆಂಪು ಮಣ್ಣು.
ಒಳಗಿಂದ ಮೇಲೆ ಚಾಚಿದ ಒಂದೇ ಒಂದು ಸೊಂಡಿಲು.
ದಂಡೆಗೆ ಒರಗಿಸಿದ ಕೋವಿ,
ಕೈಲ್ ಮುಹೂರ್ತದ ದಿನದ ಹಾಗೆ
ನಳಿಗೆಯ ಬಾಯಿಗೆ ತೋಕ್ ಪೂ.
ಬೆಂಕಿಯ ನಾಲಿಗೆಯಂಥ ಎಸಳು ಎಲ್ಲರೂ ಬರೆಯುತ್ತಾರೆ;
ನಾನು ಗಡ್ಡೆಯನ್ನೂ ಬರೆದೆ, ನಳಿಗೆಯೊಳಗೆ ಊದಿ
ಕುದುರೆಯವರೆಗೂ ಬೇರಿಳಿಸಿದ ಹಾಗೆ.
ಆ ಗಡ್ಡೆ ವಿಷವೆಂದು ಇಲ್ಲಿ ಮಕ್ಕಳಿಗೂ ಗೊತ್ತು.
ಆಕಾಶಕ್ಕೆ ನೀಲಿ ಹಾಕಲಿಲ್ಲ. ಬರೀ ಸುಣ್ಣ.

ಮಂಗಳವಾರ ಸಂಘದವರು ಬಂದರು.
"ಎಂತ ಮಾರಾಯ ಇದು, ಅರಣ್ಯ ಇಲಾಖೆಯ ಬೋರ್ಡಾ?"
ಒಂದಿಬ್ಬರು ನಕ್ಕರು. ಮೊಣ್ಣಪ್ಪ ನಗಲಿಲ್ಲ.
"ಇದರಲ್ಲಿ ನಮ್ಮವರು ಎಲ್ಲಿ?
ನಾವು ಗೆದ್ದದ್ದು ಎಲ್ಲಿ?"
ಸುಣ್ಣದ ಡಬ್ಬಿ ತರಲು ಹುಡುಗ ಆಗಲೇ ಹೊರಟಿದ್ದ.

ಕ್ಯಾಂಟೀನಿನ ಸಾಲಿನಿಂದ ಹವಿಲ್ದಾರ್ ಐಯಣ್ಣ ಬಂದರು,
ಎಂಬತ್ತು ದಾಟಿದೆ, ಕಿವಿ ಮಂದ,
ಕೈಯಲ್ಲಿ ತಿಂಗಳ ರಮ್ಮಿನ ಚೀಲ.
ಸೊಂಡಿಲಿನ ಎದುರು ನಿಂತರು.
ಚೀಲ ಕೆಳಗಿಟ್ಟರು.
"ಇದು ನೀರು ಕೇಳ್ತಾ ಉಂಟು" ಎಂದರು.

ಯಾರೂ ಏನೂ ಅನ್ನಲಿಲ್ಲ.

"ಆಚೆ ಕಡೆಯವನು. ಕಂದಕದೊಳಗೆ ಬಿದ್ದಿದ್ದ.
ಕೆಮ್ಮಿದರೆ ಕೇಳುವಷ್ಟೇ ದೂರ.
ರಾತ್ರಿಯಿಡೀ ಪಾನಿ, ಪಾನಿ.
ಪಾನಿ ಅಂದರೆ ನೀರು ಅಂತ
ನಾನು ಕಲಿತದ್ದೇ ಪಲ್ಟನ್ನಿನಲ್ಲಿ.
ನನ್ನ ಬಾಟಲಿ ತುಂಬಿತ್ತು."

"ಬೆಳಿಗ್ಗೆ?" ಎಂದ ಸುಣ್ಣದ ಹುಡುಗ.
ಐಯಣ್ಣ ಕೇಳದವರ ಹಾಗೆ
ಬಗ್ಗಿ ಚೀಲ ಎತ್ತಿಕೊಂಡರು.

ಕೊನೆಗೊಂದು ರಾಜಿಯಾಯಿತು: ಬಿಳಿ ಆಕಾಶದಲ್ಲಿ ಬಾವುಟ.
ಬರೆದೆ. ಎಂಟು ಸಾವಿರದಲ್ಲಿ ಸಾವಿರ ಹಿಡಿದರು.

ಶಾಲೆ ಬಿಟ್ಟ ಮಕ್ಕಳು ಸೊಂಡಿಲು ಸವರಿ ಹೋಗುತ್ತಾರೆ,
ತುದಿಯ ಬೂದು ಸವೆದು ಗಾರೆ ಕಾಣುತ್ತದೆ.
ತಿದ್ದೋಣವೆಂದು ಎರಡು ಸಲ ಹೋದೆ, ಬೇಸಗೆಯಲ್ಲಿ.
ಎರಡು ಸಲವೂ ಗೋಡೆಯ ಬುಡ ಒದ್ದೆ.
ಸೊಂಡಿಲಿನ ಕೆಳಗೆ ಮಾತ್ರ.
ಕುಂಚ ತೊಳೆಯದೆ ವಾಪಸು ಬಂದೆ.